ಬರ್ಫಿನಲ್ಲಿ ಹುಟ್ಟಿದ ಬದನೆಕಾಯಿ ಬಣ್ಣ

ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುವ ರಹಮಾನಸಾಬನಿಗೆ ಕೆಂಪು ಒಂದೇ ಸಾಕಾಗಿತ್ತು. ಮಗಳು ಅಲ್ಮಾಸಬಿಗೆ ಸಾಕಾಗಿರಲಿಲ್ಲ. ಗದಗಿನಲ್ಲಿ ಬಿ.ಎಸ್ಸಿ. ಮುಗಿಸಿದವಳಿಗೆ ಧಾರವಾಡಕ್ಕೆ ಹೋಗಿ ರಸಾಯನಶಾಸ್ತ್ರವನ್ನೇ ಮುಂದೆ ಓದುವ ಹಟ. ಎಪ್ಪತ್ತೆಂಟರ ಬೇಸಿಗೆಯಲ್ಲಿ ಅಪ್ಪ ಷರತ್ತು ಹಾಕಿದ. ನೇಕಾರ ಅಂದಾನಪ್ಪನಿಗೆ ಮುಂಡರಗಿಯ ಮದುಮಗಳ ಸೀರೆಗೆಂದು ಬದನೆಕಾಯಿ ಬಣ್ಣದ ನೂಲು ಬೇಕಿತ್ತು. ಆ ಬಣ್ಣ ತಂದರೆ ಧಾರವಾಡ, ಇಲ್ಲದಿದ್ದರೆ ಸುಮ್ಮನೆ ಮದುವೆಗೆ ಹೂಂ ಅನ್ನಬೇಕು.

ಅಲ್ಮಾಸಬಿ ಬಣ್ಣದಿಂದಲೇ ಹಿಂದಕ್ಕೆ ಯೋಚಿಸುತ್ತ ಬಂದಳು. ಅಪ್ಪನ ಕೆಂಪು ಹುಟ್ಟುವುದು ಎರಡು ರಾಸಾಯನಿಕಗಳು, ಬಣ್ಣದ ಎರಡು ಅರ್ಧಗಳಂತೆ, ನೂಲಿನ ಮೇಲೆ ಕೂಡಿದಾಗ. ಒಂದರಲ್ಲಿ ನೆನೆಸಿ ಹಿಂಡಿದ ನೂಲಿನ ಲಡಿಯನ್ನು ಇನ್ನೊಂದರಲ್ಲಿ ಅದ್ದಬೇಕು. ಮೊದಲನೆಯದನ್ನು ಹಾಗೇ ಬಿಟ್ಟು, ಎರಡನೆಯದರ ಬದಲು ಅದರ ತಂಗಿಯನ್ನು ತಂದರೆ? ಅಣುವಿನ ಕಟ್ಟಡ ಅದೇ, ಒಂದು ಮೂಲೆಯಲ್ಲಷ್ಟೇ ಬೇರೆ ತುಂಡು. ಅಷ್ಟಕ್ಕೇ ಕೆಂಪು ಬದನೆಕಾಯಿಯ ಕಡೆ ವಾಲುತ್ತದೆಂಬುದು ಅವಳ ಅಂದಾಜು. ಆದರೆ ಈ ತಂಗಿ ಬಲು ಸಿಡುಕಿ. ಬರ್ಫಿನಲ್ಲಿ, ಅಂದರೆ ಮಂಜುಗಡ್ಡೆಯಲ್ಲಿ, ತಣ್ಣಗಿಡದಿದ್ದರೆ ನೊರೆ ಕಾರಿ ಕೆಟ್ಟುಹೋಗುತ್ತಾಳೆ.

ಗದಗಿನಿಂದ ಟಾಂಗಾದಲ್ಲಿ ಬರ್ಫಿನ ಗಡ್ಡೆ ಬಂತು. ಅದನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು ಅಲ್ಮಾಸಬಿ ಹಿತ್ತಲಲ್ಲಿ ಲಡಿ ನೆನೆಸಲು ಹೋದಳು. ಅಷ್ಟರಲ್ಲಿ ಬಣ್ಣ ನೋಡಲು ಅಂದಾನಪ್ಪ ಉರಿಬಿಸಿಲಲ್ಲಿ ಬೆವರುತ್ತ ಬಂದ. ಅಲ್ಮಾಸಬಿಯ ತಾಯಿ ದಿಲಶಾದಬಿ ಅತಿಥಿಯನ್ನು ಬರೀ ನೀರು ಕೊಟ್ಟು ಕೂರಿಸುವ ಪೈಕಿಯವಳಲ್ಲ. ಮನೆಯಲ್ಲಿ ಬರ್ಫ ಇರುವಾಗ ಕೇಳಬೇಕೆ? ಒಡೆದು ಲಿಂಬೆ ಶರಬತ್ತಿಗೆ ಹಾಕಿದಳು. ಅಂದಾನಪ್ಪ ಕೇಳಿ ಕೇಳಿ ಹಾಕಿಸಿಕೊಂಡು ಕುಡಿದ.

ಉಳಿದ ಚೂರುಗಳಲ್ಲೇ ಅಲ್ಮಾಸಬಿ ಆ ಸಿಡುಕಿ ತಂಗಿಯ ಪುಡಿ ಕಲಸಿದಳು. ಬೋಗುಣಿ ಬುಸುಗುಟ್ಟಿ ಕಂದು ಕಷಾಯವಾಯಿತು. ಅವಳಿಗೆ ಅಳು ಒತ್ತರಿಸಿ ಬಂತು.

“ನನ್ನ ಧಾರವಾಡ ನಿಮ್ಮ ಹೊಟ್ಟ್ಯಾಗ ಹೋತ್ರಿ, ಕಾಕಾ,” ಎಂದಳು.

ಅಂದಾನಪ್ಪ ಲೋಟ ಕೆಳಗಿಟ್ಟ. ಸೈಕಲ್ ಹತ್ತಿ ಗದಗಿಗೆ ಹೋದ. ತಲೆಯ ರುಮಾಲು ಬಿಚ್ಚಿ, ಹೊಸ ಗಡ್ಡೆಯನ್ನು ಅದರಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡು ಬಂದ. ಅಂಗಿ ತೊಯ್ದು ನೀರು ಸೋರುತ್ತಿತ್ತು. ಪುಡಿ ಇನ್ನೊಂದು ಸಲಕ್ಕೆ ಆಗುವಷ್ಟು ಉಳಿದಿತ್ತು. ಈ ಸಲ ದಿಲಶಾದಬಿಯೇ ಬರ್ಫಿಗೆ ಕಾವಲು ನಿಂತಳು.

ಮೊದಲ ಅರ್ಧದಲ್ಲಿ ನೆನೆದು ತಿಳಿಹಳದಿಯಾಗಿದ್ದ ಲಡಿ ಬೋಗುಣಿಗೆ ಇಳಿಯಿತು. ನೋಡನೋಡುತ್ತಿದ್ದಂತೆ ಎಳೆ ಎಳೆಗೂ ಬಣ್ಣ ಏರಿತು. ದಿಲಶಾದಬಿ ಅಡುಗೆಮನೆಯಿಂದ ಒಂದು ಬದನೆಕಾಯಿ ತಂದು ಪಕ್ಕಕ್ಕೆ ಹಿಡಿದಳು. ಎರಡಕ್ಕೂ ಭೇದವೇ ಇರಲಿಲ್ಲ. ಅಂದಾನಪ್ಪ ಒದ್ದೆ ಅಂಗಿಯಲ್ಲೇ ನಗುತ್ತ ಕುಳಿತ.

ರಹಮಾನಸಾಬ ಮಾತ್ರ ನಗಲಿಲ್ಲ. ಲಡಿಯನ್ನು ತೊಳೆದ, ಹಿಂಡಿದ, ಸಾಬೂನು ಹಚ್ಚಿ ಮತ್ತೆ ತೊಳೆದ. ನೀರು ತಿಳಿಯಾಗಿಯೇ ಉಳಿಯಿತು. ಅಲ್ಮಾಸಬಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವನು ಅವಳ ಕಡೆ ತಿರುಗದೆ ಅಂದಾನಪ್ಪನನ್ನು ಕೇಳಿದ:

“ಧಾರವಾಡದಾಗ ಬರ್ಫ ಚೊಲೊ ಸಿಗತೈತೇನ್ರಿ?”