ಎಡಗಣ್ಣಿಗೆ ಒಗ್ಗುವ ರೈಫಲ್

ಆ ಚಳಿಗಾಲವಿಡೀ ಜ್ಯೋತ್ಸ್ನಾಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಕಡಲಾಚೆಯ ಲೀಕ್ಸ್‌ಲಿಪ್ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಮನೆಗೆ ಬಂದರೆ ಕೋಟು ಬಿಚ್ಚುವ ಮೊದಲೇ ಫೋನು ತೆರೆದು, ಮಾರಾಟಕ್ಕಿರುವ ರೈಫಲ್‌ಗಳ ಜಾಹೀರಾತು ನೋಡುವಳು. ಸಾರು ಕುದಿಯುತ್ತಿದ್ದಾಗಲೂ ನೋಡುವಳು. ಹೊಸದು ಕೈಗೆ ಎಟುಕುವುದಿಲ್ಲ; ಹಳೆಯದರ ಮೇಲೆ ನಂಬಿಕೆಯಿಲ್ಲ.

ಹಿಂದಿನ ವರ್ಷ ಸಹೋದ್ಯೋಗಿಯೊಬ್ಬಳು ಅವಳನ್ನು ರೈಫಲ್ ಕ್ಲಬ್ಬಿಗೆ ಕರೆದೊಯ್ದಿದ್ದಳು. ಚಾಪೆಯ ಮೇಲೆ ಬೋರಲು ಮಲಗಿ, ದೂರದ ಕಾಗದದ ಮೇಲಿನ ಕಪ್ಪು ಚುಕ್ಕೆಗೆ ಸಣ್ಣ ಗುಂಡು ಹೊಡೆಯುವ ಆಟ. ಮೊದಲ ದಿನವೇ ಅದರ ಹುಚ್ಚು ಹತ್ತಿತು. ಆದರೆ ಅವಳ ಗುಂಡುಗಳು ಕಾಗದದ ತುಂಬ ಸಾಸಿವೆ ಚೆಲ್ಲಿದ ಹಾಗೆ ಬೀಳುತ್ತಿದ್ದವು. ತಿಂಗಳುಗಳು ಕಳೆದರೂ ಅಷ್ಟೇ. ಕ್ಲಬ್ಬಿನ ರೈಫಲ್ ಹತ್ತು ಜನರ ಕೈಗೆ ಹೋಗುವಂಥದ್ದು, ತಪ್ಪು ಅದರದ್ದೇ ಎಂದು ಅವಳು ತೀರ್ಮಾನಿಸಿಬಿಟ್ಟಳು. ತನ್ನದೇ ಒಂದು ಇದ್ದರೆ ಎಲ್ಲ ಸರಿಹೋಗುತ್ತದೆ.

"ಮನೇಲಿ ಗನ್ ಇಟ್ಕೊಳ್ಳೋದು ನಂಗೆ ಒಂಚೂರೂ ಇಷ್ಟ ಇಲ್ಲ," ಎಂದ ಗಂಡ ಗುರುದತ್.

"ನಾನು ಹೊಡೆಯೋದು ಕಾಗದಕ್ಕೆ."

"ಗುಂಡಿಗೆ ಅದು ಗೊತ್ತಾಗತ್ತಾ?"

ಮೇಜಿನ ಕೆಳಗೆ ಅವಳ ಕಾಲು ಒಂದೇ ಸಮನೆ ಅಲುಗುತ್ತಿತ್ತು. ಗುರುದತ್ ಅದನ್ನೇ ನೋಡಿದ.

ಆದರೂ ಶನಿವಾರ ಅವನೇ ಕಾರು ಓಡಿಸಿಕೊಂಡು ಬಂದ. ನೇಸ್ ಊರಿನಾಚೆ, ಕುದುರೆ ಲಾಯದ ಪಕ್ಕದಲ್ಲಿ ಬಂದೂಕಿನ ಅಂಗಡಿ. ಮಾಲೀಕ ಡೋನಲ್ ಹೆಚ್ಚು ಮಾತಿನವನಲ್ಲ. ಜ್ಯೋತ್ಸ್ನಾ ತನ್ನ ಬಜೆಟ್ ಹೇಳಿದಾಗ ನಗಲೂ ಇಲ್ಲ, ಮುಖ ಗಂಟು ಹಾಕಲೂ ಇಲ್ಲ.

"ಅಷ್ಟನ್ನೂ ರೈಫಲ್‌ಗೇ ಸುರೀಬೇಡ," ಎಂದ. "ಬಂದೂಕು ಇಡೋಕೆ ಬೀಗದ ಬೀರು ಬೇಕು, ರೈಫಲ್ ಅಲುಗದ ಹಾಗೆ ತೋಳಿಗೆ ಪಟ್ಟಿ ಬೇಕು, ದಪ್ಪ ಜಾಕೆಟ್ ಬೇಕು. ಗುಂಡಂತೂ ಪ್ರತಿ ವಾರ ಬೇಕು. ಚೆಂದದ ರೈಫಲ್ ತಗೊಂಡು ಗುಂಡಿಗೆ ಕಾಸಿಲ್ಲದೆ ಮನೇಲಿ ಕೂತವರು ಬೇಕಾದಷ್ಟು ಜನ ಇದಾರೆ."

ಅವಳ ಕಣ್ಣು ಆಗಲೇ ಗೋಡೆಯ ಮೇಲಿನ ಒಂದು ಹೊಸ ರೈಫಲ್ ಮೇಲೆ ನೆಟ್ಟಿತ್ತು. ಹಗುರ, ತಿಳಿಗಂದು ಮರ, ಗುಂಡು ತುಂಬಲು ಹಿಂದಕ್ಕೆಳೆಯುವ ನಯವಾದ ಬೋಲ್ಟ್. ಬೆಲೆ ಅವಳ ಮಿತಿಯ ಅಂಚಿನಲ್ಲಿತ್ತು.

"ಇವತ್ತೇ ಅಡ್ವಾನ್ಸ್ ಕೊಡ್ತೀನಿ."

"ಲೈಸೆನ್ಸ್ ಬರೋದು ಆ ಒಂದು ರೈಫಲ್‌ಗೆ ಮಾತ್ರ," ಎಂದ ಡೋನಲ್. "ತಪ್ಪು ಆರಿಸಿದರೆ ಅರ್ಜಿ, ಕಾಯೋದು, ಎಲ್ಲ ಮತ್ತೆ ಮೊದಲಿಂದ."

ಗುರುದತ್ ಕನ್ನಡದಲ್ಲಿ ಮೆಲ್ಲಗೆ, "ಒಂದು ವಾರ ತಡಿ," ಎಂದ.

ಕಾರಿನಲ್ಲಿ ಅವಳು ಸಿಡಿದಳು. "ನಿಂಗೆ ಬೇಕಾಗಿರೋದು ನಾನು ಇದನ್ನ ಬಿಟ್ಬಿಡ್ಲಿ ಅಂತ."

"ಹೌದು," ಎಂದ ಗುರುದತ್, ರಸ್ತೆಯಿಂದ ಕಣ್ಣು ತೆಗೆಯದೆ. "ಆದ್ರೆ ತಡಿ ಅಂದಿದ್ದು ಅದಕ್ಕಲ್ಲ."

ಮರುದಿನ ಭಾನುವಾರ ಕ್ಲಬ್ಬಿನಲ್ಲಿ ಅವಳು ಇನ್ನೂ ಕೆಟ್ಟದಾಗಿ ಹೊಡೆದಳು. ಬಸ್ ಓಡಿಸಿ ನಿವೃತ್ತಳಾದ ಮರೇಡ್ ಅಲ್ಲಿ ಹೊಸಬರಿಗೆ ಕಲಿಸುತ್ತಿದ್ದಳು. ಅವಳು ಬಂದು ಚಾಪೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ಗಮನಿಸಿದಳು.

"ಎದ್ದೇಳು. ಎರಡೂ ಕೈ ಮುಂದೆ ಚಾಚಿ, ಮಧ್ಯೆ ಸಣ್ಣ ಕಿಂಡಿ ಮಾಡು. ಅದರೊಳಗಿಂದ ಆ ಗಡಿಯಾರ ನೋಡು. ಈಗ ಬಲಗಣ್ಣು ಮುಚ್ಚು."

"ಗಡಿಯಾರ ಅಲ್ಲೇ ಇದೆ."

"ಬಲಗಣ್ಣು ತೆಗೆದು ಎಡಗಣ್ಣು ಮುಚ್ಚು."

ಗಡಿಯಾರ ಮಾಯವಾಯಿತು. ಕಾಣುತ್ತಿದ್ದುದು ಅವಳ ಅಂಗೈ ಮಾತ್ರ.

"ನಿನ್ನ ಎರಡು ಕಣ್ಣಲ್ಲಿ ಎಡಗಣ್ಣೇ ಯಜಮಾನ," ಎಂದಳು ಮರೇಡ್. "ಇಷ್ಟು ದಿನ ನೀನು ಬಲಗಣ್ಣಿಂದ ಗುರಿ ಹಿಡೀತಿದ್ದೆ. ರೈಫಲ್ ಪಾಪ ಏನು ಮಾಡತ್ತೆ? ನೀನು ಎಡಗೈಯವಳಾ?"

"ಅಲ್ಲ," ಎಂದಳು ಜ್ಯೋತ್ಸ್ನಾ. ಹೇಳಿದ ಮೇಲೆ ತನ್ನ ಎಡಗೈಯನ್ನೇ ನೋಡಿಕೊಂಡಳು.

ಮೈಸೂರಿನ ಮನೆಯಲ್ಲಿ ಅಜ್ಜಿ ಅವಳನ್ನು 'ಎಡಚಿ' ಎಂದು ಕರೆಯುತ್ತಿದ್ದರು. ಎಡಗೈಯಲ್ಲಿ ತುತ್ತು ಎತ್ತಿದರೆ ಮೊಣಕೈಗೊಂದು ಏಟು. ಬಳಪ ಹಿಡಿದರೆ ಕಿತ್ತು ಬಲಗೈಗೆ ಕೊಡುವರು. ಶಾಲೆಗೆ ಸೇರುವ ಹೊತ್ತಿಗೆ ಎಲ್ಲವೂ ಬಲಗೈಗೆ ಬಂದಿತ್ತು. ಅವಳಿಗೇ ಅದು ಮರೆತುಹೋಗಿತ್ತು.

ಅಂದರೆ ಇನ್ನು ಎಡಭುಜದಿಂದಲೇ ಹೊಡೆಯಬೇಕು; ಫೋನಿನಲ್ಲಿ ಗುರುತು ಹಾಕಿಟ್ಟ ರೈಫಲ್‌ಗಳೆಲ್ಲ ದಂಡ. ಎಲ್ಲದರ ಬೋಲ್ಟೂ ಬಲಗಡೆಗೇ. ಎಡಗೈಯವರಿಗಾಗಿ ಮಾಡಿದ್ದು ಅಪರೂಪ, ಸಿಕ್ಕರೂ ಅವಳ ಬಜೆಟ್ಟಿಗೆ ಬಗ್ಗುವಂಥದ್ದಲ್ಲ. ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಮರೇಡ್ ಮಾತ್ರ ಕ್ಲಬ್ಬಿನ ಬೀರುವಿನಿಂದ ಒಂದು ಮುದಿ ರೈಫಲ್ ತಂದಳು. ಬಣ್ಣಗೆಟ್ಟ ಮರ, ಹೆಣಭಾರ. ಅದಕ್ಕೆ ಬೋಲ್ಟೇ ಇರಲಿಲ್ಲ. ಹಿಡಿಯ ಕೆಳಗಿನ ಸನ್ನೆಕೋಲು ಒತ್ತಿದರೆ ಬಾಯಿ ತೆರೆಯುತ್ತಿತ್ತು. ಒಂದೊಂದೇ ಗುಂಡು ಇಡಬೇಕು. "ಇದಕ್ಕೆ ಎಡ-ಬಲದ ಭೇದ ಇಲ್ಲ. ಈ ಕಾಲದಲ್ಲಿ ಯಾರಿಗೂ ಬೇಡ, ಅದಕ್ಕೇ ಅಗ್ಗ. ಡೋನಲ್ ಹತ್ರ ಇದರ ಜೋಡಿ ಒಂದು ಇದೆ, ಕೇಳಿದವರಿಲ್ಲ."

ಜ್ಯೋತ್ಸ್ನಾ ಎಡಭುಜಕ್ಕೆ ರೈಫಲ್ ಆನಿಸಿ ಮಲಗಿದಳು. ಎಲ್ಲ ತಲೆಕೆಳಗಾದ ಹಾಗಿತ್ತು. ಮೊಣಕೈ ನಿಲ್ಲಲಿಲ್ಲ. ಎಡ ತೋರುಬೆರಳು ಟ್ರಿಗರ್ ಮೇಲೆ ಹೆದರಿ ಹೆದರಿ ಕೂತಿತು. ಆದರೆ ಕಪ್ಪು ಚುಕ್ಕೆ ಮೊದಲ ಬಾರಿಗೆ ಅಲುಗದೆ ನಿಂತಿತು.

ಅವಳನ್ನು ಕರೆದೊಯ್ಯಲು ಬಂದ ಗುರುದತ್ ಗಾಜಿನಾಚೆ ನಿಂತು ನೋಡುತ್ತಿದ್ದ. ಊಟದಲ್ಲಿ, ನಿದ್ದೆಯಲ್ಲಿ, ಸಿನಿಮಾ ಮಂದಿರದಲ್ಲಿ, ಎಲ್ಲಿಯೂ ಅವಳ ಕಾಲು ಸುಮ್ಮನಿದ್ದದ್ದನ್ನು ಅವನು ಕಂಡಿರಲಿಲ್ಲ. ಈಗ ಚಾಪೆಯ ಮೇಲೆ ಎರಡೂ ಪಾದ ಕದಲದೆ ಬಿದ್ದಿದ್ದವು.

ಜ್ಯೋತ್ಸ್ನಾ ಡೋನಲ್ ಬಳಿಯ ಮುದಿ ರೈಫಲನ್ನೇ ಆರಿಸಿ ಮುಂಗಡ ಕೊಟ್ಟಳು. ಉಳಿದ ಹಣದಲ್ಲಿ ಬೀರು, ಪಟ್ಟಿ, ಹಳೆಯ ಜಾಕೆಟ್ ಬಂದವು. ಲೈಸೆನ್ಸ್ ಸಿಗಬೇಕಾದರೆ ಬೀರುವನ್ನು ಗಟ್ಟಿಗೋಡೆಗೆ ಬಿಗಿಯಬೇಕು. ಬಾಡಿಗೆ ಮನೆಯ ಒಡತಿ ಗೋಡೆಗೆ ತೂತು ಕೊರೆಯಲು ಒಪ್ಪಲಿಲ್ಲ. ಜ್ಯೋತ್ಸ್ನಾ ಎರಡು ಸಲ ಕೇಳಿ ಸೋತಳು. ಮೂರನೆಯ ಸಲ ಫೋನು ಮಾಡಿದವನು ಗುರುದತ್. ಮನೆ ಬಿಡುವಾಗ ತೂತು ಮುಚ್ಚಿ, ಇಡೀ ಗೋಡೆಗೆ ಬಣ್ಣ ಹೊಡೆಸಿ ಕೊಡುತ್ತೇನೆಂದು ಒಪ್ಪಿಸಿದ.

"ನಿಂಗೆ ಇಷ್ಟ ಇಲ್ಲ ಅಂದಿದ್ಯಲ್ಲ?"

"ಈಗ್ಲೂ ಇಷ್ಟ ಇಲ್ಲ. ಬೀಗದ ಕೈ ನೀನೇ ಇಟ್ಕೋ, ಎಲ್ಲಿದೆ ಅಂತ ನಂಗೆ ಹೇಳ್ಬೇಡ."

ಅರ್ಜಿ ಹಾಕಿದ ಮೇಲೆ ಕಾಯುವುದು ಶುರುವಾಯಿತು. ಗಾರ್ಡಾ ಠಾಣೆಯಿಂದ ಪೊಲೀಸನೊಬ್ಬ ಬಂದು ಬೀರುವನ್ನು ಅಲುಗಾಡಿಸಿ ನೋಡಿ, ಚಹಾ ಬೇಡವೆಂದು ಹೋದ. ಆಮೇಲೆ ಸುದ್ದಿಯೇ ಇಲ್ಲ. ಈ ನಡುವೆ ಬೇರೆ ಯಾರಾದರೂ ಆ ರೈಫಲ್ ಕೇಳಿಬಿಟ್ಟರೆ ಎಂದು ಅವಳು ಡೋನಲ್‌ಗೆ ಮತ್ತೆ ಮತ್ತೆ ಫೋನು ಮಾಡಿದಳು. "ಯಾರೂ ಕೇಳಲ್ಲಮ್ಮ," ಎಂದು ಅವನು ಪ್ರತಿ ಸಲವೂ ಹೇಳಿದ. ಅಡುಗೆಮನೆಯಲ್ಲಿ ಎಡಗೈಯಲ್ಲಿ ಸೌಟು ಹಿಡಿದು, ಎಡಗೈಯಲ್ಲಿ ಹಲ್ಲುಜ್ಜಿ, ಬೆರಳನ್ನು ಪಳಗಿಸಿದಳು. ಮೈಮೇಲೆ ಸಾರು ಚೆಲ್ಲಿಕೊಂಡಳು.

ಲೈಸೆನ್ಸ್ ಬಂದದ್ದು ಏಪ್ರಿಲ್‌ನಲ್ಲಿ. ಮೊದಲ ಭಾನುವಾರ ಜೋರು ಗಾಳಿ. ಐದು ಗುಂಡು ಹೊಡೆದು ಕಾಗದ ತರಿಸಿದಳು. ಕಪ್ಪು ಚುಕ್ಕೆಯಲ್ಲಿ ಒಂದೂ ಇರಲಿಲ್ಲ. ಐದೂ ಕೆಳಗೆ, ಬಲ ಮೂಲೆಯಲ್ಲಿ, ಒಂದು ನಾಣ್ಯದಿಂದ ಮುಚ್ಚಬಹುದಾದಷ್ಟು ಹತ್ತಿರ ಹತ್ತಿರ ಬಿದ್ದಿದ್ದವು.

ಅವಳ ಮುಖ ಇಳಿಯಿತು. ಮರೇಡ್ ಮಾತ್ರ ಕಾಗದವನ್ನು ಬೆಳಕಿಗೆ ಹಿಡಿದು, "ಗ್ರಾಂಡ್!" ಎಂದಳು. "ಐದೂ ಒಂದೇ ಕಡೆ ಇವೆ. ಇನ್ನು ಆ ಗುಂಪನ್ನ ಅಲ್ಲಿಂದ ಇಲ್ಲಿಗೆ ಸರಿಸೋದಷ್ಟೇ. ಅದು ತಿರುಪಿನ ಕೆಲಸ." ರೈಫಲ್ ಮೇಲಿನ ಗುರಿಕಿಂಡಿಯ ಚಿಕ್ಕ ತಿರುಪನ್ನು ಟಿಕ್ ಟಿಕ್ ಎಂದು ತಿರುಗಿಸತೊಡಗಿದಳು.

ಗುರುದತ್ ಗಾಜಿನಾಚೆಯಿಂದ ಕೈಸನ್ನೆಯಲ್ಲೇ 'ಹೋಗೋಣ್ವಾ?' ಎಂದು ಕೇಳಿದ.

ಜ್ಯೋತ್ಸ್ನಾ ಇಲ್ಲವೆಂದು ತಲೆಯಾಡಿಸಿ, ಇನ್ನೂ ಐದು ಎಂದು ಎಡಗೈ ಬೆರಳುಗಳನ್ನು ಅಗಲಿಸಿ ತೋರಿಸಿ, ಮತ್ತೆ ಚಾಪೆಯ ಮೇಲೆ ಮಲಗಿದಳು.