ಅಕ್ಕನ ಹಳದಿ

"ಸಿಕ್ತು!"

ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. ಕೋಣೆಯಲ್ಲಿದ್ದ ಉಳಿದಿಬ್ಬರು ತಲೆಯೆತ್ತಲಿಲ್ಲ. ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದರು. ಅವಳ ಕೈಯಲ್ಲಿ ಬೇಡವೆಂದು ವಾಪಸು ಬಂದ ಪ್ರೂಫ್ ಹಾಳೆ, ಎದುರಿಗೆ ಪರದೆ. ಎರಡರಲ್ಲೂ ಅದೇ ಚಿತ್ರ: ಕಿಟಕಿಯ ಪಕ್ಕ ಒಂದು ಹಳದಿ ಗೋಡೆ. ಎರಡರ ಹಳದಿಯೂ ಒಂದೇ ಥರ ಸೊರಗಿತ್ತು. ಅವಳು ಈ ಕೆಲಸಕ್ಕೆ ಸೇರಿದ ಮೇಲೆ ಪರದೆಯೂ ಕಾಗದವೂ ಒಂದನ್ನೊಂದು ಹೋಲಿದ್ದು ಇದೇ ಮೊದಲು. ಎರಡೂ ತಪ್ಪಾಗಿದ್ದವು. ಅವಳಿಗೆ ಕುಣಿಯಬೇಕೆನ್ನಿಸಿತು.

ಚಿತ್ರಕಲೆ ಓದಿ, ಚಿತ್ರ ಬರೆಯುವುದನ್ನು ಬಿಟ್ಟು, ಬೇರೆಯವರ ಚಿತ್ರಗಳ ಬಣ್ಣ ತಿದ್ದುವ ಕೆಲಸ ಹಿಡಿದವಳು. ಚಿತ್ರಪುಸ್ತಕ, ಮದುವೆಯ ಆಲ್ಬಂ, ಅಭಿನಂದನ ಗ್ರಂಥಗಳನ್ನು ಅಚ್ಚಿಗೆ ಸಿದ್ಧಪಡಿಸುವ ಈ ಸ್ಟುಡಿಯೋದಲ್ಲಿ ಅವಳನ್ನು ತಿದ್ದುಗಾರ್ತಿ ಎನ್ನುತ್ತಿದ್ದರು. ಮೊದಮೊದಲು ತಮಾಷೆಗೆ, ಆಮೇಲೆ ಹೆಸರು ಮರೆತು.

ಈಗಿನ ಪುಸ್ತಕ ತೀರಿಹೋದ ಒಬ್ಬ ಚಿತ್ರಕಾರ್ತಿಯದು. ಮಾಡಿಸುತ್ತಿದ್ದವರು ಆಕೆಯ ತಮ್ಮ, ಹಲ್ಲಿನ ಡಾಕ್ಟರು. ಪ್ರತಿ ಪ್ರೂಫನ್ನೂ ಮೂಗಿನ ಹತ್ತಿರ ಹಿಡಿದು "ಅಕ್ಕನ ಹಳದಿ ಇದಲ್ಲಮ್ಮ" ಎಂದು ವಾಪಸು ಕೊಡುತ್ತಿದ್ದರು. ಅವಳ ಪರದೆಯ ಮೇಲೆ ಮಾತ್ರ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಯಜಮಾನರು ಮುದ್ರಣದವರನ್ನು ಬೈದರು. ಮುದ್ರಣದವರು ಕಾಗದವನ್ನು ಬೈದರು. ಕಾಗದ ಯಾರನ್ನೂ ಬೈಯಲಿಲ್ಲ.

ಇಂದು ಬೆಳಿಗ್ಗೆ ಅವಳು ಎರವಲು ತಂದ ಅಳತೆಯಂತ್ರವನ್ನು ಪರದೆಯ ಮೇಲೆ ಇಳಿಬಿಟ್ಟು ಬಣ್ಣಗಳನ್ನು ಅಳೆದಳು. ಅದು ಬರೆದುಕೊಟ್ಟ ಹೊಸ ಪ್ರೊಫೈಲನ್ನು ಎಲ್ಲಿಡಬೇಕೆಂದು ಹುಡುಕುತ್ತ ಹೋದರೆ, ಬಣ್ಣದ ಸೆಟ್ಟಿಂಗಿನೊಳಗೆ ವರ್ಕಿಂಗ್ ಸ್ಪೇಸ್ ಇರಬೇಕಾದ ಜಾಗದಲ್ಲಿ ಹಳೆಯ ಮಾನಿಟರ್ ಪ್ರೊಫೈಲ್ ಕಾಲು ಚಾಚಿಕೊಂಡು ಕೂತಿತ್ತು. ಅದನ್ನು ಎಬ್ಬಿಸಿ ಕಳಿಸಿದಳು. ಎಲ್ಲರೂ ಬಳಸುವ ಸ್ಪೇಸ್ ಹಾಕಿದಳು. ಕಣ್ಣೆದುರೇ ಗೋಡೆಯ ಹಳದಿ ಇಳಿದುಹೋಗಿ, ಪ್ರೂಫಿನ ಹಾಳೆಯಂತಾಯಿತು.

"ಸರ್, ತಪ್ಪು ನಮ್ಮಲ್ಲೇ ಇದೆ!" ಯಜಮಾನರ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದಳು. ಇಷ್ಟು ಸಂತೋಷದಿಂದ ಯಾರೂ ಅವರಿಗೆ ಇಂಥ ಸುದ್ದಿ ತಂದಿರಲಿಲ್ಲ.

"ಕೂತ್ಕೊಂಡು ಹೇಳಿ."

ಕೂರಲಿಲ್ಲ. "ಮಾನಿಟರ್ ಪ್ರೊಫೈಲ್ ಅಂದ್ರೆ ಆ ಒಂದು ಪರದೆಯ ಕನ್ನಡಕದ ನಂಬರು ಇದ್ದ ಹಾಗೆ. ಅದರ ಗುಣದೋಷ ಅಷ್ಟೇ. ವರ್ಕಿಂಗ್ ಸ್ಪೇಸ್ ಬೇರೆ ಸರ್. ಫೈಲಿನೊಳಗಿರೋ ಅಂಕಿಗಳಿಗೆ ಯಾವ ಬಣ್ಣ ಅಂತ ಅರ್ಥ ಕೊಡೋದು ಅದು. ಯಾವ ಪರದೆಗೂ ಸೇರಿದ್ದಲ್ಲ, ಎಲ್ಲರೂ ಒಪ್ಕೊಂಡಿರೋ ಅಳತೆಗೋಲು. ನಾವು ಅಳತೆಗೋಲಿನ ಜಾಗದಲ್ಲಿ ಕನ್ನಡಕ ಇಟ್ಟುಬಿಟ್ಟಿದೀವಿ!"

"ಅಂದ್ರೆ?"

"ನೆಗಡಿ ಆದೋರ ಕೈಲಿ ಊರಿನ ಅಡುಗೆಗೆಲ್ಲ ಉಪ್ಪು ನೋಡಿಸಿದ ಹಾಗೆ. ನನ್ನ ಪರದೆ ಹಳದೀನ ಜಾಸ್ತಿ ತೋರಿಸ್ತಿತ್ತು, ನಾನು ಕಮ್ಮಿ ಮಾಡ್ತಿದ್ದೆ. ನನ್ನ ಕಣ್ಣಿಗೆ ಸರಿ. ಈ ಬಾಗಿಲು ದಾಟಿದ ಕೂಡಲೇ..."

"ಯಾವಾಗಿಂದ?"

"ಮೊದಲಿಂದ! ಎಲ್ಲಾ ಪುಸ್ತಕಗಳೂ!"

ಯಜಮಾನರು ಎದ್ದು ಬಾಗಿಲು ಮುಚ್ಚಿದರು. "ಮೆಲ್ಲಗೆ. ಹಳೇದನ್ನೆಲ್ಲ ಯಾಕೆ ಕೆದಕ್ತೀರಿ? ಮಧ್ಯಾಹ್ನ ಡಾಕ್ಟರು ಬರ್ತಾರೆ, ಅವರದು ಸರಿಮಾಡಿ. ಮುದ್ರಣದವರಿಗೆ ನಾನು ಹೇಳ್ಕೋತೀನಿ."

"ಏನಂತ?"

"ಏನೋ ಒಂದು."

ಬೇಸರವಾಗಬೇಕಿತ್ತು. ಆಗಲಿಲ್ಲ. ತಾನು ತಿದ್ದಿದ ಮುಖಗಳೆಲ್ಲ, ವಧುಗಳು, ಹಸುಗೂಸುಗಳು, ಸನ್ಮಾನದ ಶಾಲು ಹೊದ್ದವರು, ರಕ್ತ ಇಳಿದ ಕೆನ್ನೆಗಳನ್ನು ಹೊತ್ತು ಯಾರ್‍ಯಾರದೋ ಮನೆಯ ಕಪಾಟುಗಳಲ್ಲಿ ನಿಂತಿವೆ. ಇಷ್ಟು ದೊಡ್ಡ ತಪ್ಪಿಗೆ ತಾನೊಬ್ಬಳೇ ಒಡತಿ. ಬೆನ್ನಲ್ಲಿ ಪುಳಕ ಹರಿಯಿತು.

ಗಂಡನಿಗೆ ಫೋನು ಮಾಡಿದಳು.

"ರೀ, ಗೊತ್ತಾಯ್ತು! ಆ ಹಳದಿ!"

"ಯಾವ ಹಳದಿ?"

"ತಿಂಗಳಿಂದ ಹೇಳ್ತಿದೀನಲ್ಲ."

"ಹಾಂ, ಹಾಂ. ಒಳ್ಳೇದಾಯ್ತು ಬಿಡು. ಕೇಳಿಲ್ಲಿ, ನನಗೆ ಸಂಜೆ ಮೀಟಿಂಗ್ ಇದೆ. ಮಗಳ ಪ್ರವಾಸದ ಬಸ್ಸು ಸ್ಕೂಲಿಗೆ ಬರುತ್ತೆ, ನೀನೇ ಕರ್ಕೊಂಡು ಬಾ."

"ಎರಡೇ ನಿಮಿಷದಲ್ಲಿ ಹೇಳ್ತೀನಿ, ವರ್ಕಿಂಗ್ ಸ್ಪೇಸ್ ಅಂತ..."

"ರಾತ್ರಿ ಹೇಳು. ಸಮಾಧಾನವಾಗಿ ಕೇಳ್ತೀನಿ." ಅವನು ಒಳ್ಳೆಯವನು. ರಾತ್ರಿ ನಿಜವಾಗಿಯೂ ಕೇಳುತ್ತಾನೆ, ಸಮಾಧಾನವಾಗಿಯೇ. ಅದೇ ಸಂಕಟ.

ಊಟ ಬಿಟ್ಟು ಕೂತಳು. ಡಾಕ್ಟರ ಮನೆಯಲ್ಲೇ ಚಿತ್ರದ ಫೋಟೋ ತೆಗೆದಾಗ ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಮತ್ತೆ ತೆರೆದಳು. ಕಣ್ಣನ್ನು ನಂಬಲಿಲ್ಲ, ಅಂಕಿಗಳನ್ನು ನಂಬಿದಳು. ಕಣ್ಣು ಒಂದೇ ಸಮನೆ ಹಟ ಹಿಡಿಯುತ್ತಿತ್ತು: ಹಳದಿ ಜಾಸ್ತಿಯಾಯಿತು, ಕಮ್ಮಿ ಮಾಡು. ಮಾಡಲಿಲ್ಲ. ಹೊಸ ಪ್ರೂಫ್ ತೆಗೆದಳು.

ಡಾಕ್ಟರು ಬಂದರು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಚೌಕಟ್ಟು. "ಮೂಲಚಿತ್ರ ಇದೊಂದೇ ಉಳಿದಿರೋದು. ಮನೆಯಿಂದ ಈಚೆ ತಂದಿರಲಿಲ್ಲ. ಇವತ್ತು ಕೊನೇ ಸಲ ನೋಡಿಬಿಡೋಣ ಅಂತ ತಂದೆ."

ಕೊನೇ ಸಲ ಎಂಬ ಮಾತಿಗೆ ಯಜಮಾನರು ಗಂಟಲು ಸರಿಮಾಡಿಕೊಂಡರು.

ಮೂಲವನ್ನೂ ಪ್ರೂಫನ್ನೂ ಕಿಟಕಿಯ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟರು. ಡಾಕ್ಟರು ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

"ಇದೇ," ಎಂದರು. "ಇದೇ ಕಣಮ್ಮ. ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ ಬರೆದದ್ದು. ಗೋಡೆ ಎದುರಿಗೆ ಕೂತು, ಬಿಸಿಲು ಬಿತ್ತು ನೋಡೋ, ಬಿಸಿಲು ಬಿತ್ತು ನೋಡೋ ಅಂತಿದ್ಲು. ನಿಮಗೆ ಹೇಗೆ ಸಿಕ್ತು?"

ಅವರ ಕಣ್ಣು ತುಂಬಿತ್ತು. ಯಜಮಾನರು ಅವಳ ಭುಜದ ಹತ್ತಿರ ಗಾಳಿಯನ್ನು ತಟ್ಟಿದರು. ಗೆದ್ದಿದ್ದಳು. ಅವಳೂ ಬಗ್ಗಿ ನೋಡಿದಳು.

ಎರಡೂ ಒಂದೇ, ನಿಜ. ಆದರೆ ಅವಳಿಗೆ ಮೊದಲು ಅನ್ನಿಸಿದ್ದು, ಮೂಲದಲ್ಲೇ ಹಳದಿ ಜಾಸ್ತಿಯಾಗಿದೆ ಎಂದು. ಸ್ವಲ್ಪ ಕಮ್ಮಿ ಮಾಡಿದರೆ ಸರಿಹೋಗುತ್ತದೆ. ಬಲಗೈ ಮೇಜಿನ ಮೇಲೆ ಮೌಸ್ ಹುಡುಕುತ್ತಿತ್ತು.

"ಬಿಸಿಲು ಕಾಣ್ತಲ್ವಾ?" ಡಾಕ್ಟರು ಕೇಳಿದರು.

"ಕಾಣ್ತು," ಎಂದಳು. ಕಂಡಿರಲಿಲ್ಲ.

ಸಂಜೆ ಹೆಚ್ಚುಕಡಿಮೆ ಓಡಿಕೊಂಡೇ ಸ್ಕೂಲಿಗೆ ಹೋದಳು. ಯಾರಿಗಾದರೂ ಹೇಳಬೇಕು. ಮಗಳಿಗೇ ಹೇಳುವುದು, ಮಕ್ಕಳಿಗೆ ಬಣ್ಣ ಬೇಗ ತಿಳಿಯುತ್ತದೆ. ಗೇಟಿನ ಬಳಿ ಬಸ್ಸು ನಿಂತಿತು. ಯಾರೂ ಕಳೆದುಹೋಗಬಾರದೆಂದು ಪ್ರವಾಸದವರು ಎಲ್ಲ ಮಕ್ಕಳಿಗೂ ಹಳದಿ ಟೋಪಿ ಹಾಕಿಸಿದ್ದರು. ಬಟ್ಟೆಯ ಒಂದೇ ತಾನಿನಿಂದ ಕತ್ತರಿಸಿದ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹಳದಿ. ಟೋಪಿಗಳು ಮೆಟ್ಟಿಲಿಳಿದವು, ಚೆದುರಿದವು, ಒಂದರೊಳಗೊಂದು ಬೆರೆತವು. ಎಷ್ಟು ಸರಿಯಾಗಿದೆ! ಅವಳು ಉಸಿರು ಬಿಗಿಹಿಡಿದು ನೋಡಿದಳು. ಕೈಯೆತ್ತಿ ಬೀಸಿದಳು. ಎಲ್ಲ ದಿಕ್ಕಿನಿಂದಲೂ ಪುಟ್ಟ ಕೈಗಳು ಬೀಸಿದವು.

ಯಾವುದೋ ಒಂದು ಕೈ ಬಂದು ಅವಳ ಬೆರಳು ಹಿಡಿಯಿತು. ಟೋಪಿಯ ಅಂಚಿನ ಕೆಳಗೆ ಮುಖ ಕಾಣುತ್ತಿರಲಿಲ್ಲ. ಮಗಳೋ ಅಲ್ಲವೋ ನೋಡಬೇಕಾದರೆ ಬಗ್ಗಬೇಕಿತ್ತು.

ಅವಳು ಬಸ್ಸಿನ ಕಡೆಗೆ ಕೈ ಬೀಸುತ್ತಲೇ ಇದ್ದಳು.