ಅಳಿಸದೆ ಉಳಿದ ಪಟ್ಟಿ

ಲೈನಿಂಗ್ ಬಟ್ಟೆಯ ಒಂದು ಚೂರಿನಿಂದ ಅವಳು ಟ್ಯಾಬ್ಲೆಟ್‌ನ ಗಾಜು ಒರೆಸುತ್ತಿದ್ದಳು. ಚಾಕ್‌ಪೀಸಿನ ಪುಡಿ, ಬೆರಳಿನ ಜಿಡ್ಡು, ಅಂಚಿಗೆ ಸಿಕ್ಕಿಕೊಂಡ ಕೆಂಪು ದಾರ, ಎಲ್ಲ ಹೋಯಿತು. ಆಮೇಲೆ ಬ್ರೌಸರ್ ತೆರೆದು ಹಿಸ್ಟರಿಯನ್ನೂ ಅಳಿಸಿದಳು. ಮಾತಿಲ್ಲ, ಕತೆಯಿಲ್ಲ. ಇಡೀ ಬೀದಿ ಅವಳನ್ನು ಸುಮ್ಮಸುಮ್ಮನೆ ಮೌನಿ ಎನ್ನುತ್ತಿರಲಿಲ್ಲ.

ಹಿಸ್ಟರಿ ಅಳಿಸುವುದು ಸೋದರತ್ತೆಯ ಟೈಲರಿಂಗ್ ಅಂಗಡಿಯ ಕಟ್ಟುನಿಟ್ಟು. ಹೋದ ವರ್ಷ ಗಿರಾಕಿಯೊಬ್ಬಳು ಆರಿಸಿದ ಡಿಸೈನನ್ನು ಅವಳ ಓರಗಿತ್ತಿ ಇದೇ ಟ್ಯಾಬ್ಲೆಟ್‌ನಲ್ಲಿ ಕಂಡು ತಾನೂ ಹೊಲಿಸಿಕೊಂಡಿದ್ದಳು. ಒಂದೇ ಮದುವೆಗೆ ಇಬ್ಬರ ರವಿಕೆಗೂ ಒಂದೇ ಕತ್ತು. ಮರುದಿನ ಇಬ್ಬರೂ ಬಂದು ಅಂಗಡಿಯನ್ನು ರಣರಂಗ ಮಾಡಿದ್ದರು. ಅಂದಿನಿಂದ ಒಬ್ಬರು ಎದ್ದುಹೋದ ಮೇಲೆ ಅವರು ನೋಡಿದ್ದೆಲ್ಲ ಅಳಿಯಬೇಕು. ಆದರೆ ನೋಡಿದ ಸೈಟುಗಳು ಬಿಟ್ಟುಹೋಗುವ ಗುರುತು, ಆ ಕುಕೀಸ್ ಎಂಬ ಚೌಕವನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಅದನ್ನು ಅಳಿಸಿದರೆ ಡಿಸೈನಿನ ಸೈಟು ಪಾಸ್‌ವರ್ಡ್ ಕೇಳುತ್ತಿತ್ತು. ಪಾಸ್‌ವರ್ಡ್ ಬರೆದಿಟ್ಟ ಚೀಟಿ ಯಾರದೋ ಕೋಟಿನ ಲೈನಿಂಗ್ ಒಳಗೆ ಸೇರಿ ಹೊಲಿಗೆಯಾಗಿ ಹೋಗಿತ್ತು.

ಹತ್ತು ಗಂಟೆಗೆ ಬೀದಿ ಕೊನೆಯ ಶಾಲೆಯ ಟೀಚರ್ ಬಂದರು. ಎದೆಗೆ ಒತ್ತಿಕೊಂಡಿದ್ದ ಪೊಟ್ಟಣದಿಂದ ನವಿಲುಬಣ್ಣದ ರೇಷ್ಮೆ ತೆಗೆದು ಮೇಜಿನ ಮೇಲೆ ಹರಡಿದರು.

"ಅಮ್ಮಂದು. ಅವರು ಹೋದಮೇಲೆ ಪೆಟ್ಟಿಗೇಲಿ ಸಿಕ್ತು. ಇರೋದೇ ಇಷ್ಟು, ಇನ್ನೊಂದು ಗೇಣು ಬೇಕಂದ್ರೂ ಎಲ್ಲೂ ಸಿಗಲ್ಲ."

"ಮೂವತ್ತು ವರ್ಷದ ಕೈ ಕಣ್ರೀ ಇದು," ಎಂದರು ಅತ್ತೆ. "ಇವತ್ತೇ, ನಿಮ್ಮ ಎದುರಿಗೇ ಕತ್ತರಿಸ್ತೀನಿ. ನೀವು ಕತ್ತಿನ ಡಿಸೈನ್ ಆರಿಸಿ."

ಟೀಚರ್ ಟ್ಯಾಬ್ಲೆಟ್ ಮೇಲೆ ಬೆರಳಾಡಿಸುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಕಿಸಕ್ಕನೆ ನಕ್ಕರು.

"ಏನ್ರೀ ಇದು! ನಾನು ಕತ್ತು ನೋಡ್ತಿದ್ರೆ ಪಕ್ಕದಲ್ಲಿ ಜಾಹೀರಾತು ಹಾಕಿ ಕಣ್ಣು ಕಾಣದೋರ ಬಿಳಿ ಕೋಲು ಮಾರ್ತಿದಾರೆ. ಕೆಳಗೆ ನೋಡಿದ್ರೆ ಮಾತಾಡೋ ಗಡಿಯಾರ! ನಂಗಿನ್ನೂ ಅಷ್ಟೊಂದು ವಯಸ್ಸಾಗಿಲ್ಲಪ್ಪ."

ಯಾವ ಮಾತಿಗೂ ಒಂದು ತಿರುಗೇಟು ಇಟ್ಟುಕೊಂಡಿರುತ್ತಿದ್ದ ಅತ್ತೆ ಈ ಸಲ ನಗಲಿಲ್ಲ. "ಮೌನಿ, ಅದೇನದು, ತೆಗೆದುಹಾಕೇ," ಎಂದರು. ದನಿ ಒಣಗಿತ್ತು.

ಅವಳು ಟ್ಯಾಬ್ಲೆಟ್ ಎತ್ತಿಕೊಂಡು ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ಹೋದಳು. ಹಿಸ್ಟರಿ ಖಾಲಿ. ಸೆಟ್ಟಿಂಗ್ಸ್ ಒಳಗೆ ಹೋಗಿ ಕುಕೀಸ್ ಬಿಟ್ಟುಹೋದ ಸೈಟುಗಳ ಪಟ್ಟಿ ತೆರೆದಳು. ಏಳನೇ ತರಗತಿಗೆ ಶಾಲೆ ಬಿಟ್ಟವಳು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಡಿಸೈನ್. ಗುಂಡಿ ಅಂಗಡಿ. ಕಣ್ಣಿನ ಆಸ್ಪತ್ರೆ. ಇನ್ನೊಂದು ಕಣ್ಣಿನ ಆಸ್ಪತ್ರೆ. ಬಿಳಿ ಕೋಲು. ಕುರುಡರಿಗೆ ನಡೆಯಲು ಕಲಿಸುವ ಶಾಲೆ.

ಮತ್ತೆ ಮೇಲಿನಿಂದ ಓದಿದಳು. ತಪ್ಪಿರಲಿಲ್ಲ.

ಈ ಟ್ಯಾಬ್ಲೆಟ್ ಮುಟ್ಟುವ ಅಂಗಡಿಯವರು ಇಬ್ಬರೇ. ಅಳಿಸುವುದನ್ನು ಅತ್ತೆಗೆ ಕಲಿಸಿದವಳೂ ಅವಳೇ. "ಇಲ್ಲಿ ಒತ್ತಿದ್ರೆ ಪೂರ್ತಿ ಹೋಗುತ್ತಾ?" ಎಂದು ಅತ್ತೆ ಎರಡೆರಡು ಸಲ ಕೇಳಿದ್ದರು. "ಪೂರ್ತಿ ಹೋಗುತ್ತೆ ಅತ್ತೆ," ಎಂದಿದ್ದಳು.

ಆರು ತಿಂಗಳಿಂದ ಸೂಜಿಗೆ ದಾರ ಪೋಣಿಸುವ ಕೆಲಸ ಅವಳದಾಗಿತ್ತು. "ನಿನ್ನದು ಎಳೇ ಕಣ್ಣು, ದುಡೀಲಿ," ಎಂದು ಅತ್ತೆ ತಮಾಷೆ ಮಾಡುತ್ತಿದ್ದರು. ಮೇಜಿನ ಮೂಲೆ ದಿನವೂ ಅವರ ಸೊಂಟಕ್ಕೆ ತಗಲುತ್ತಿತ್ತು. ನೀಲಿ ಕೋಟಿಗೆ ಕಪ್ಪು ದಾರ ಹಾಕಿದ್ದರು. ಎಲ್ಲವನ್ನೂ ಮೂಲೆಯಲ್ಲಿ ಕೂತು ನೋಡಿದ್ದಳು. ನೋಡಿ, ಏನೂ ತಿಳಿಯದೆ ದಾರ ಪೋಣಿಸಿ ಕೊಟ್ಟಿದ್ದಳು.

ಗೋಡೆಯ ಮೊಳೆಯಿಂದ ದೊಡ್ಡ ಕತ್ತರಿ ಇಳಿದ ಸದ್ದಾಯಿತು.

ಪರದೆ ಸರಿಸಿ ಓಡಿಬಂದಳು. ಅತ್ತೆ ರೇಷ್ಮೆಯ ಮೇಲೆ ಬಾಗಿದ್ದರು. ತಾವೇ ಎಳೆದ ಚಾಕ್‌ಪೀಸಿನ ಗೆರೆಯನ್ನು ಎಡಗೈ ಬೆರಳಿನಿಂದ ತಡವುತ್ತಿದ್ದರು. ಚಾಕ್‌ಪೀಸಿನ ಗೆರೆ ಬೆರಳಿಗೆ ಸಿಗುವುದುಂಟೆ? ಬೆರಳು ಗೆರೆ ಬಿಟ್ಟು ಎರಡಂಗುಲ ಒಳಗೆ ಹೋಗಿತ್ತು. ಕತ್ತರಿಯ ಬಾಯಿ ಅಲ್ಲೇ ತೆರೆದು ನಿಂತಿತ್ತು. ಟೀಚರ್ ಮುಖದಲ್ಲಿ ಇನ್ನೂ ನಗು ಇತ್ತು. ಮೂವತ್ತು ವರ್ಷದ ಕೈ ತಪ್ಪುತ್ತದೆ ಎಂದು ಅವರು ಯಾಕೆ ಅಂದುಕೊಂಡಾರು?

ಗಿರಾಕಿಗಳ ಎದುರು ಮೌನಿ ಈವರೆಗೆ ಬಾಯಿ ತೆರೆದವಳಲ್ಲ. ಈಗ ತೆರೆದರೆ ಅತ್ತೆಯ ಮಾನ ಹೋಗುತ್ತದೆ, ತೆರೆಯದಿದ್ದರೆ ರೇಷ್ಮೆ. ಕೈ ಚಾಚಿದಳು.

ಅವಳ ಹೆಜ್ಜೆಯ ಸದ್ದಿಗೆ ಅತ್ತೆ ಮುಖ ಎತ್ತಿದರು. ಆದರೆ ಅವಳು ನಿಂತಿದ್ದ ಕಡೆಗಲ್ಲ, ಒಂದು ಮೊಳ ಆಚೆಗೆ, ಬರಿಯ ಗೋಡೆಗೆ.

"ಅತ್ತೆ, ಕತ್ತರಿ ನಂಗೆ ಕೊಡು."